ಸನ್ನದು ಕೈಗೆ ಬಂದ ಮೇಲೆ

ಕಾನೂನು ಓದಿ ಮುಗಿಸಿದವರು ವಕೀಲರಾಗಿ ಹೆಸರು ನೋಂದಾಯಿಸಿಕೊಳ್ಳಲು ಎಷ್ಟು ಹಣ ಕಟ್ಟಬೇಕು? 1961ರ ವಕೀಲರ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಉತ್ತರ ಸ್ಪಷ್ಟವಾಗಿದೆ: ರಾಜ್ಯ ವಕೀಲರ ಪರಿಷತ್ತಿಗೆ 600 ರೂಪಾಯಿ, ಭಾರತೀಯ ವಕೀಲರ ಪರಿಷತ್ತಿಗೆ 150, ಒಟ್ಟು 750. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಹೀಗಿದ್ದೂ ವರ್ಷಾನುಗಟ್ಟಲೆ ಹಲವು ರಾಜ್ಯಗಳ ಪರಿಷತ್ತುಗಳು ಗ್ರಂಥಾಲಯ ನಿಧಿ, ಕಲ್ಯಾಣ ನಿಧಿ, ಗುರುತಿನ ಚೀಟಿ, ಪರಿಶೀಲನಾ ಶುಲ್ಕ ಎಂದೆಲ್ಲ ಹೆಸರಿಟ್ಟು 15 ಸಾವಿರ, 20 ಸಾವಿರ ರೂಪಾಯಿ ವಸೂಲು ಮಾಡುತ್ತಿದ್ದವು. ಒಡಿಶಾದಲ್ಲಿ ಅದು 40 ಸಾವಿರ ದಾಟಿತ್ತು.

2024ರ ಜುಲೈ 30ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರ ಪೀಠ ಇದಕ್ಕೆ ಕಡಿವಾಣ ಹಾಕಿತು. ಕಾಯ್ದೆ ಹೇಳಿದ್ದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳುವಂತಿಲ್ಲ. ಹಾಗೆ ಕೇಳುವುದು ಬಡವರನ್ನೂ ಹಿಂದುಳಿದವರನ್ನೂ ವೃತ್ತಿಯ ಬಾಗಿಲಲ್ಲೇ ತಡೆದಂತೆ ಎಂಬುದು ತೀರ್ಪಿನ ಸಾರ. ಮರುವರ್ಷ ಕರ್ನಾಟಕದಿಂದಲೇ ಒಂದು ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ‘ಐಚ್ಛಿಕ’ ಎಂಬ ಹೆಸರಿನಲ್ಲಿ ಇನ್ನೂ ಹಣ ಪಡೆಯಲಾಗುತ್ತಿದೆ ಎಂಬುದು ದೂರು. ಐಚ್ಛಿಕ ಶುಲ್ಕವೆಂಬುದೇ ಇಲ್ಲ, ನಿಲ್ಲಿಸಿ ಎಂದು 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ ಹೇಳಿತು.

ಈ ಶುಲ್ಕದ ಗಲಾಟೆ ಸಣ್ಣದೆಂದು ಕಾಣಬಹುದು. ಆದರೆ ವಕೀಲ ವೃತ್ತಿಗೆ ಯಾರು ಬರುತ್ತಾರೆ, ಬಂದವರಲ್ಲಿ ಯಾರು ಉಳಿಯುತ್ತಾರೆ ಎಂಬ ದೊಡ್ಡ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಎಲ್‌ಎಲ್‌.ಬಿ. ಪಾಸಾಗುವುದು ಕಷ್ಟದ ಕೆಲಸವೇ ಇರಬಹುದು. ಅದಕ್ಕಿಂತ ಕಷ್ಟ, ಪಾಸಾದ ಮೇಲಿನ ನಾಲ್ಕೈದು ವರ್ಷ ಊಟ, ಬಾಡಿಗೆ, ಬಸ್ ಚಾರ್ಜು ಹೊಂದಿಸಿಕೊಂಡು ಕೋರ್ಟಿನಲ್ಲಿ ನಿಂತುಕೊಳ್ಳುವುದು.

ಓದಿನ ದಾರಿ ಎರಡು. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಬಿ.ಎ., ಬಿ.ಕಾಂ. ಅಥವಾ ಬಿ.ಬಿ.ಎ. ಜೊತೆ ಸೇರಿದ ಎಲ್‌ಎಲ್‌.ಬಿ. ಯಾವುದೇ ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌.ಬಿ. ಸಾಮಾನ್ಯ ವರ್ಗದವರಿಗೆ ಹಿಂದಿನ ಪರೀಕ್ಷೆಯಲ್ಲಿ ಶೇ 45 ಅಂಕ ಬೇಕು, ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟರಿಗೆ ಶೇ 40. ವಯಸ್ಸಿನ ಮಿತಿ ಹೇರಲು ಭಾರತೀಯ ವಕೀಲರ ಪರಿಷತ್ತು ಪ್ರಯತ್ನಿಸಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿಯೇ ಮೂರು ವರ್ಷದ ತರಗತಿಗಳಲ್ಲಿ ನಿವೃತ್ತ ಪೊಲೀಸರು, ಬ್ಯಾಂಕ್ ನೌಕರರು, ಮಕ್ಕಳನ್ನು ಕಾಲೇಜಿಗೆ ಕಳಿಸಿದ ಮೇಲೆ ತಾವೂ ಪುಸ್ತಕ ಹಿಡಿದ ತಾಯಂದಿರು ಇಪ್ಪತ್ತೆರಡರ ಹುಡುಗರ ಪಕ್ಕ ಕೂರುವುದುಂಟು. ಆದರೆ ಮನೆಯಲ್ಲೇ ಕುಳಿತು ಅಂಚೆ ಮೂಲಕ ಓದಿ ವಕೀಲರಾಗಲು ಆಗುವುದಿಲ್ಲ. ದೂರಶಿಕ್ಷಣದ ಕಾನೂನು ಪದವಿಗೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗದು. ಶೇ 70 ಹಾಜರಾತಿ ಕಡ್ಡಾಯ.

ಒಂದು ಕಾಲಕ್ಕೆ ಕನ್ನಡನಾಡಿನ ಹುಡುಗರು ಕಾನೂನು ಓದಲು ಊರು ಬಿಡಬೇಕಿತ್ತು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ ಇಬ್ಬರೂ ಪುಣೆಯಲ್ಲಿ ಕಾನೂನು ಓದಿ ಬಂದವರು. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿ ಶುರುವಾಯಿತು. ಪಾಂಡವಪುರದ ಕಡೆಯ ಎಂಗಲಗುಪ್ಪೆಯಲ್ಲಿ ಹುಟ್ಟಿದ ಇ.ಎಸ್. ವೆಂಕಟರಾಮಯ್ಯ ಪುಣೆಯಲ್ಲೂ ಬೆಳಗಾವಿಯ ಈ ಕಾಲೇಜಿನಲ್ಲೂ ಓದಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಅವರ ಮಗಳು ಬಿ.ವಿ. ನಾಗರತ್ನ 1987ರಲ್ಲಿ ಬೆಂಗಳೂರಿನಲ್ಲಿ ವಕೀಲಿ ಆರಂಭಿಸಿ, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಕಾನೂನು ಶಿಕ್ಷಣದ ಚಹರೆಯನ್ನೇ ಬದಲಿಸಿದ ಪ್ರಯೋಗ ನಡೆದದ್ದೂ ಬೆಂಗಳೂರಿನಲ್ಲೇ. ಎಂಬತ್ತರ ದಶಕದವರೆಗೆ ಲಾ ಓದು ಎಂದರೆ ಹಲವರಿಗೆ ಬೇರೆ ಕೆಲಸದ ಜೊತೆ ಬೆಳಿಗ್ಗೆಯೋ ಸಂಜೆಯೋ ಮುಗಿಸುವ ಪದವಿ. ಆ ಹೊತ್ತಿಗೆ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ನ್ಯಾಷನಲ್ ಲಾ ಸ್ಕೂಲ್ ಹುಟ್ಟಿತು. ಕರ್ನಾಟಕ ವಿಧಾನಮಂಡಲ ಅದಕ್ಕಾಗಿಯೇ ಕಾಯ್ದೆ ಮಾಡಿತು; 1988ರಲ್ಲಿ ಮೊದಲ ತಂಡ ತರಗತಿಗೆ ಬಂತು. ಪಿಯುಸಿ ಮುಗಿಸಿದ ಮಕ್ಕಳನ್ನು ಐದು ವರ್ಷ ಕ್ಯಾಂಪಸ್ಸಿನಲ್ಲೇ ಇಟ್ಟುಕೊಂಡು, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಜೊತೆಗೇ ಕಾನೂನನ್ನು ಕಲಿಸುವುದು ಮೆನನ್ ಅವರ ಯೋಚನೆ. ಸೆಕ್ಷನ್ನುಗಳನ್ನು ಉರುಹೊಡೆಸುವ ಬದಲು ತೀರ್ಪುಗಳನ್ನು ಮುಂದಿಟ್ಟು ಚರ್ಚಿಸುವುದು, ಅಣಕು ನ್ಯಾಯಾಲಯದಲ್ಲಿ ವಾದ ಮಾಡಿಸುವುದು, ರಜೆಯಲ್ಲಿ ವಕೀಲರ ಕಚೇರಿಗೆ ಅಟ್ಟುವುದು ಇವೆಲ್ಲ ಅಲ್ಲಿಂದ ಬೇರೆಡೆಗೆ ಹಬ್ಬಿದವು. ಇಂದು ದೇಶದಲ್ಲಿ ಅದೇ ಮಾದರಿಯ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ.

ಅವುಗಳಲ್ಲಿ ಹೆಚ್ಚಿನವಕ್ಕೆ ಹೋಗಲು ‘ಕ್ಲಾಟ್’ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. 2008ರಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ಈಗ ಎರಡು ಗಂಟೆಯಲ್ಲಿ 120 ಪ್ರಶ್ನೆ. ಪ್ರಶ್ನೆಗಳ ಹಿಂದೆ ಉದ್ದುದ್ದ ಇಂಗ್ಲಿಷ್ ಭಾಗಗಳು. ಕನ್ನಡ ಮಾಧ್ಯಮದಲ್ಲಿ ಓದಿದ, ಕೋಚಿಂಗಿಗೆ ಹಣವಿಲ್ಲದ ಮಗುವಿಗೆ ಇದು ಎತ್ತರದ ಗೋಡೆ. ಆಯ್ಕೆಯಾದರೂ ಲಕ್ಷಗಳ ಲೆಕ್ಕದ ವಾರ್ಷಿಕ ಶುಲ್ಕ ಕಾದಿರುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೇ ಓದಿದ್ದ ಕಾನೂನು ವಿದ್ವಾಂಸ ಶಮ್ನಾದ್ ಬಷೀರ್ ಈ ಗೋಡೆಯನ್ನು ಕಂಡೇ 2010ರಲ್ಲಿ ‘ಐಡಿಯಾ’ ಎಂಬ ಸಂಸ್ಥೆ ಕಟ್ಟಿದರು. ಹಳ್ಳಿಯ, ಬಡ ಮನೆಯ, ಅಂಗವೈಕಲ್ಯವಿರುವ ಮಕ್ಕಳನ್ನು ಹುಡುಕಿ, ತರಬೇತಿ ಕೊಟ್ಟು ಈ ಕಾಲೇಜುಗಳಿಗೆ ಸೇರಿಸುವ ಕೆಲಸ ಅದರದು. 2019ರಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಬಷೀರ್ ತೀರಿಕೊಂಡರು. ಅವರು ಹಚ್ಚಿದ ಕೆಲಸ ನಿಂತಿಲ್ಲ.

ಆದರೆ ಕರ್ನಾಟಕದ ಕೋರ್ಟುಗಳಲ್ಲಿ ಕಾಣುವ ವಕೀಲರಲ್ಲಿ ಹೆಚ್ಚಿನವರು ಈ ದಾರಿಯಲ್ಲಿ ಬಂದವರಲ್ಲ. ಅವರು ಜಿಲ್ಲಾ ಕೇಂದ್ರದ, ತಾಲ್ಲೂಕಿನ ಕಾಲೇಜುಗಳಲ್ಲಿ ಓದಿದವರು. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆರಂಭವಾದ ಮೇಲೆ ರಾಜ್ಯದ ಕಾನೂನು ಕಾಲೇಜುಗಳು ಅದರ ಅಡಿ ಬಂದವು. ಆ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯಲ್ಲಿ ಒಂದು ಸೂಚನೆ ಇರುತ್ತದೆ: ಉತ್ತರಗಳನ್ನು ಪೂರ್ತಿ ಇಂಗ್ಲಿಷಿನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಬೇಕು. ಸಾವಿರಾರು ಹುಡುಗ ಹುಡುಗಿಯರಿಗೆ ಈ ಒಂದು ಸಾಲು ವೃತ್ತಿಯ ಬಾಗಿಲು ತೆರೆದಿದೆ. ಕರಾರು ಕಾಯ್ದೆ, ಆಸ್ತಿ ವರ್ಗಾವಣೆ ಕಾಯ್ದೆ, ಸಿವಿಲ್ ಪ್ರಕ್ರಿಯಾ ಸಂಹಿತೆಗಳನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆದು ಪಾಸಾದವರು ಇಂದು ತಾಲ್ಲೂಕು ಕೋರ್ಟುಗಳ ಬೆನ್ನೆಲುಬು. ಕೊರತೆ ಇರುವುದು ಪುಸ್ತಕಗಳಲ್ಲಿ. ಒಳ್ಳೆಯ ಕನ್ನಡ ಪಠ್ಯಗಳು ಕಡಿಮೆ. ಹೈಕೋರ್ಟ್, ಸುಪ್ರೀಂ ಕೋರ್ಟಿನ ತೀರ್ಪುಗಳೋ ಇಂಗ್ಲಿಷಿನವು. ಹಾಗಾಗಿ ಕನ್ನಡದಲ್ಲಿ ಓದಿದವರು ಸನ್ನದು ಪಡೆದ ಮೇಲೆ ತೀರ್ಪು ಓದುವ ಇಂಗ್ಲಿಷನ್ನು ಒಬ್ಬರೇ ಕೂತು ಕಲಿಯಬೇಕಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಒಂದು ಪ್ರಕರಣದ ತೀರ್ಪನ್ನು ಕನ್ನಡದಲ್ಲೂ ಕೊಟ್ಟಿತು. ಇಂಥವು ಹೆಚ್ಚಿದಷ್ಟೂ ಈ ಕಲಿಕೆಯ ಭಾರ ಇಳಿಯುತ್ತದೆ.

ಓದು ಬರೀ ಪುಸ್ತಕದ್ದಾಗಬಾರದೆಂದು ನಿಯಮವೂ ಹೇಳುತ್ತದೆ. ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ದಾವೆ ಬರೆಯುವುದು, ರಾಜಿ ಸಂಧಾನ, ವೃತ್ತಿ ಧರ್ಮ, ಅಣಕು ನ್ಯಾಯಾಲಯ ಪಠ್ಯದ ಭಾಗ. ಕಟ್ಟುನಿಟ್ಟಾಗಿ ನಡೆಸುವ ಕಾಲೇಜುಗಳಿವೆ. ಡೈರಿಗೆ ಸಹಿ ಹಾಕಿಸಿ ಮುಗಿಸುವ ಕಾಲೇಜುಗಳೂ ಇವೆ. ಕಾಲೇಜುಗಳ ಗುಣಮಟ್ಟ ಕುಸಿಯುತ್ತಿದೆ ಎಂಬ ಕಾರಣಕ್ಕೇ ಭಾರತೀಯ ವಕೀಲರ ಪರಿಷತ್ತು 2025ರ ಆಗಸ್ಟ್‌ನಲ್ಲಿ, ಮೂರು ವರ್ಷ ಹೊಸ ಕಾನೂನು ಕಾಲೇಜುಗಳಿಗೆ ಅನುಮತಿ ಇಲ್ಲ ಎಂದು ಘೋಷಿಸಿತು.

ಈಗಿನ ವಿದ್ಯಾರ್ಥಿಗಳ ಮೇಲೆ ಇನ್ನೊಂದು ಹೊರೆಯೂ ಬಿದ್ದಿದೆ. 2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ; ಅಪರಾಧ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳೂ ಬದಲಾಗಿವೆ. ಊರವರ ಬಾಯಲ್ಲಿದ್ದ ಕೊಲೆಯ 302 ಈಗ 103. ವಂಚನೆಯ 420 ಈಗ 318. ಆದರೆ ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ಅಂಥ ಕೇಸುಗಳು ಇನ್ನೂ ಎಷ್ಟೋ ವರ್ಷ ನಡೆಯುತ್ತವೆ. ಆದ್ದರಿಂದ ಕಿರಿಯ ವಕೀಲರ ಚೀಲದಲ್ಲಿ ಎರಡೂ ಪುಸ್ತಕ ಇರಲೇಬೇಕು.

ಪದವಿ ಪತ್ರ ಸಿಕ್ಕ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ. ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು. ಮೊದಲು ಸಿಗುವುದು ತಾತ್ಕಾಲಿಕ ನೋಂದಣಿ. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. 100 ಪ್ರಶ್ನೆಗಳಿರುತ್ತವೆ. ಟಿಪ್ಪಣಿಯಿಲ್ಲದ ಕಾಯ್ದೆ ಪುಸ್ತಕಗಳನ್ನು ಒಳಗೆ ಒಯ್ಯಬಹುದು. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟರಿಗೆ 40 ಅಂಕ ಬಂದರೆ ಪಾಸು.

ಈ ಪರೀಕ್ಷೆಯ ಹಿಂದೆ ದೊಡ್ಡ ಜಗ್ಗಾಟವೇ ಇದೆ. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು, ಹೊಸಬರು ಹಿರಿಯ ವಕೀಲರ ಬಳಿ ಒಂದು ವರ್ಷ ತರಬೇತಿ ಪಡೆಯಲೇಬೇಕೆಂದು ನಿಯಮ ಮಾಡಿತು. ಹಾಗೆ ಮಾಡುವ ಅಧಿಕಾರ ಪರಿಷತ್ತಿಗಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮುಂದೆ ತರಬೇತಿಯ ಜಾಗಕ್ಕೆ ಪರೀಕ್ಷೆ ಬಂತು. 2011ರಲ್ಲಿ ಮೊದಲ ಬಾರಿ ನಡೆಯಿತು. ಅದರ ವಿರುದ್ಧವೂ ದಾವೆಗಳಾದವು; 2023ರ ಫೆಬ್ರುವರಿ 10ರಂದು ಸಂವಿಧಾನ ಪೀಠ ಪರೀಕ್ಷೆ ಸರಿ ಎಂದು ತೀರ್ಮಾನಿಸಿ 1999ರ ತೀರ್ಪನ್ನೂ ತಳ್ಳಿಹಾಕಿತು. ಹೀಗೆ ಪರೀಕ್ಷೆ ಉಳಿಯಿತು. ತರಬೇತಿ ಮಾತ್ರ ಯಾರ ಹೊಣೆಯೂ ಆಗದೆ ಹೋಯಿತು. ಕಾಯ್ದೆಪುಸ್ತಕದಲ್ಲಿ ಉತ್ತರ ಹುಡುಕಲು ಬರುವುದು ಬೇರೆ, ಸಾಕ್ಷಿಯನ್ನು ಪಾಟೀಸವಾಲು ಮಾಡಲು ಬರುವುದು ಬೇರೆ.

ಆ ಎರಡನೆಯದನ್ನು ಕಲಿಸುವುದು ಸೀನಿಯರ್ ಆಫೀಸು. ಬೆಳಿಗ್ಗೆ ಎಂಟಕ್ಕೋ ಒಂಬತ್ತಕ್ಕೋ ಹೋಗಿ ಅಂದಿನ ಕಡತ ತೆಗೆದಿಡಬೇಕು. ಕೇಸ್ ಡೈರಿ ನೋಡಿ ಯಾವ ಕೋರ್ಟ್ ಹಾಲಿನಲ್ಲಿ ಯಾವ ಕೇಸು ಎಂದು ಗುರುತು ಹಾಕಬೇಕು. ಕೋರ್ಟಿನಲ್ಲಿ ಹೆಸರು ಕರೆದಾಗ ಎದ್ದು ನಿಂತು ವಾಯಿದೆ ಕೇಳಬೇಕು, ನಕಲು ಅರ್ಜಿ ಹಾಕಬೇಕು, ಬೆಂಚ್ ಕ್ಲರ್ಕ್ ಹತ್ತಿರ ಮುಂದಿನ ತಾರೀಕು ಬರೆದುಕೊಳ್ಳಬೇಕು. ಈ ಕಲಿಕೆಯ ಮೊದಲ ಗುರು ಎಷ್ಟೋ ಆಫೀಸುಗಳಲ್ಲಿ ಹಳೆಯ ಗುಮಾಸ್ತರೇ. ಯಾವ ಅರ್ಜಿಗೆ ಎಷ್ಟು ಕೋರ್ಟ್ ಫೀ, ಯಾವ ಪ್ರಮಾಣಪತ್ರಕ್ಕೆ ಯಾರ ಸಹಿ ಎಂಬುದು ಅವರಿಗೆ ಬಾಯಿಪಾಠ. ಸಂಜೆ ಮತ್ತೆ ಆಫೀಸು. ಕಕ್ಷಿದಾರರು ಬರುವ ಹೊತ್ತು.

ಕಾನೂನು ಪುಸ್ತಕದಿಂದ ಇಳಿದು ಬದುಕಿಗೆ ಬರುವುದು ಆ ಸಂಜೆಗಳಲ್ಲೇ. ಪಾಲಿನ ದಾವೆಯನ್ನೇ ತೆಗೆದುಕೊಳ್ಳೋಣ. ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಬಂದು, ‘ಅಪ್ಪನ ಆಸ್ತೀಲಿ ನಂಗೂ ಪಾಲು ಬರ್ತದಾ ಸಾರ್?’ ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ‘ಹೌದು’ ಎನ್ನುವುದು ಸುಲಭ. ಕಲಿತ ಜೂನಿಯರ್ ಮೊದಲು ಕೇಳುವುದು ಆಸ್ತಿ ಪಿತ್ರಾರ್ಜಿತವೋ ಅಪ್ಪನ ಸ್ವಂತ ಸಂಪಾದನೆಯೋ ಎಂದು. ಆಮೇಲೆ, ಹಿಂದೆ ಭಾಗ ಆಗಿತ್ತೇ, ಆಗಿದ್ದರೆ ಯಾವಾಗ, ನೋಂದಣಿ ಆಗಿದೆಯೇ? ಏಕೆಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳೆಂದು ಒಪ್ಪಿತು; ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆದ ವಿಭಾಗವನ್ನು ಮುಟ್ಟಲಿಲ್ಲ. ಅಪ್ಪ 2005ಕ್ಕೂ ಮೊದಲೇ ತೀರಿಕೊಂಡಿದ್ದರೆ ಮಗಳಿಗೆ ಹಕ್ಕಿದೆಯೇ ಎಂಬ ಗೊಂದಲ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ಅಪ್ಪ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕವಂತೂ ದೇಶಕ್ಕಿಂತ ಮುಂಚೆ, 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು; ಆಗ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತ್ತು. ಇಷ್ಟೂ ತಾರೀಕುಗಳನ್ನು ಪಹಣಿ, ವಂಶವೃಕ್ಷ, ಮ್ಯುಟೇಷನ್ ದಾಖಲೆಗಳ ಜೊತೆ ಹೊಂದಿಸಿ ನೋಡಿದಾಗಲೇ ಆ ತಾಯಿಯ ಪ್ರಶ್ನೆಗೆ ಉತ್ತರ. ಯಾವ ಪರೀಕ್ಷೆಯೂ ಇದನ್ನು ಕಲಿಸಿಕೊಡದು. ಕೇಳುವ ಪ್ರಶ್ನೆಗಳ ಈ ಅನುಕ್ರಮ, ಸೀನಿಯರ್ ಪಕ್ಕದಲ್ಲಿ ಕೂತು ನೂರಾರು ಕಕ್ಷಿದಾರರ ಮಾತು ಕೇಳಿಸಿಕೊಂಡವರಿಗೆ ಮಾತ್ರ ದಕ್ಕುತ್ತದೆ.

ಹಾಗಾದರೆ ಅಷ್ಟು ಕಾಲ ಕೂರಲು ಯಾರಿಗೆ ಸಾಧ್ಯ?

ಇಲ್ಲಿ ನಿಯಮಗಳೇ ಒಂದು ಬಿಕ್ಕಟ್ಟನ್ನು ತಂದಿಟ್ಟಿವೆ. ವಕೀಲಿ ಮಾಡುವವರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ. ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು, ಅಷ್ಟೆ. ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತಿಲ್ಲ. ವೃತ್ತಿಯ ಘನತೆಗೆ ಇವೆಲ್ಲ ಬೇಕಾದ ನಿಯಮಗಳೇ. ಆದರೆ ಅದೇ ಹೊತ್ತಿಗೆ ಜೂನಿಯರಿಗೆ ಇಂತಿಷ್ಟು ಕೊಡಲೇಬೇಕೆಂಬ ನಿಯಮ ಇಲ್ಲ. ಹಾಗಾಗಿ ಊರಲ್ಲಿ ಜಮೀನೋ ಅಪ್ಪನ ಪಿಂಚಣಿಯೋ ಇದ್ದವರು ಉಳಿಯುತ್ತಾರೆ. ಇಲ್ಲದವರು ಒಂದೆರಡು ವರ್ಷದಲ್ಲಿ ಕರಿಕೋಟು ಮಡಚಿಟ್ಟು ಬೇರೆ ಕೆಲಸ ಹುಡುಕುತ್ತಾರೆ. ಬುದ್ಧಿ ಕಡಿಮೆಯಾಗಿ ಅಲ್ಲ, ದುಡ್ಡು ಕಡಿಮೆಯಾಗಿ. ಮೊದಲ ತಲೆಮಾರಿನವರು, ಅದರಲ್ಲೂ ಹೆಣ್ಣುಮಕ್ಕಳು, ಹೀಗೆ ಹೊರಬಿದ್ದರೆ ನಷ್ಟ ಅವರೊಬ್ಬರದಲ್ಲ. ತಮ್ಮ ಹಳ್ಳಿಯ ಮಾತು, ತಮ್ಮ ಮನೆಯ ಕಷ್ಟ ಬಲ್ಲ ವಕೀಲರೊಬ್ಬರನ್ನು ಕಕ್ಷಿದಾರರೂ ಕಳೆದುಕೊಳ್ಳುತ್ತಾರೆ.

ಹೆಣ್ಣುಮಕ್ಕಳಿಗೆ ಈ ವೃತ್ತಿಯ ಬಾಗಿಲನ್ನು ಕಾನೂನೇ ತೆರೆದದ್ದು 1923ರಲ್ಲಿ. ಅದಕ್ಕೂ ಮೊದಲು ಕಲ್ಕತ್ತಾದಲ್ಲಿ ರೆಜಿನಾ ಗುಹಾ, ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಪದವಿ ಕೈಯಲ್ಲಿ ಹಿಡಿದು ಹೈಕೋರ್ಟಿನ ಮುಂದೆ ನಿಂತರೂ ‘ಹೆಂಗಸು’ ಎಂಬ ಕಾರಣಕ್ಕೆ ನೋಂದಣಿ ಸಿಕ್ಕಿರಲಿಲ್ಲ. ಹೀಗೆ ತೆರೆದ ಬಾಗಿಲಿನಿಂದ ಬಂದವರಲ್ಲಿ ಬರಹಗಾರರೂ ಇದ್ದಾರೆ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಹುಮಾನ ಪಡೆದ ಬಾನು ಮುಷ್ತಾಕ್ ಹಾಸನದ ವಕೀಲರು. ಕೋರ್ಟಿನ ಆವರಣದಲ್ಲಿ ನಿಂತು ಹೆಣ್ಣುಮಕ್ಕಳ ಗೋಳು ಕೇಳುವ ವೃತ್ತಿಯೂ ಕಥೆ ಬರೆಯುವ ಕೈಯೂ ಒಬ್ಬರಲ್ಲೇ ಕೂಡಿದ್ದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಜೂನಿಯರುಗಳ ಹೊಟ್ಟೆಪಾಡಿನ ಪ್ರಶ್ನೆಯನ್ನು ನ್ಯಾಯಾಲಯಗಳು ಈಚೆಗೆ ಗಂಭೀರವಾಗಿ ತೆಗೆದುಕೊಂಡಿವೆ. 2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕನಿಷ್ಠ ಭತ್ಯೆಯ ಮಾತೆತ್ತಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು, ನಗರಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಪ್ರದೇಶದಲ್ಲಿ 15 ಸಾವಿರ ರೂಪಾಯಿ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಇದು ಆದೇಶವಲ್ಲ, ಶಿಫಾರಸು. ಸಣ್ಣ ಊರಿನ ಸೀನಿಯರುಗಳ ಆದಾಯವೇ ಅಷ್ಟಿರುವುದಿಲ್ಲ ಎಂಬ ವಾದದಲ್ಲಿ ಸತ್ಯವಿದೆ. ದೊಡ್ಡ ಆಫೀಸುಗಳಿಗೆ ಆ ನೆಪ ಇಲ್ಲ.

ನ್ಯಾಯಾಧೀಶರಾಗುವ ಆಸೆಯಿಂದ ಕಾನೂನು ಓದುವವರಿಗೂ ಈಗ ಈ ವರ್ಷಗಳನ್ನು ದಾಟದೆ ದಾರಿಯಿಲ್ಲ. ಪದವಿ ಮುಗಿದ ಕೂಡಲೇ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಅವಕಾಶ ಕೆಲವು ಕಾಲ ಇತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ಕನಿಷ್ಠ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ತಾತ್ಕಾಲಿಕ ನೋಂದಣಿಯ ದಿನದಿಂದಲೇ ಲೆಕ್ಕ. ಪೀಠದ ಎದುರು ನಿಂತು ಗೊತ್ತಿಲ್ಲದವರು ಪೀಠದಲ್ಲಿ ಕೂತರೆ ಕಕ್ಷಿದಾರರಿಗೆ ತೊಂದರೆ ಎಂಬ ಅನುಭವದ ಮಾತು ಇದರ ಹಿಂದಿದೆ. ನಿಲುವು ಸರಿಯೇ. ಆದರೆ ಮೂರು ವರ್ಷ ಬರಿಗೈಯಲ್ಲಿ ದುಡಿಯಲಾಗದವರು ಈಗ ವಕೀಲಿಯ ಜೊತೆ ನ್ಯಾಯಾಧೀಶರ ಹುದ್ದೆಯಿಂದಲೂ ದೂರ ಉಳಿಯುವಂತಾದೀತು. ಕರ್ನಾಟಕದ ಈ ಪರೀಕ್ಷೆಯ ಮುಖ್ಯ ಹಂತದಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ಪತ್ರಿಕೆಯೊಂದಿದೆ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದ ಸಾಕ್ಷಿಹೇಳಿಕೆ, ಇಂಗ್ಲಿಷಿನ ತೀರ್ಪು ಎರಡರ ನಡುವೆ ಓಡಾಡಿದ ಜೂನಿಯರಿಗೆ ಅದು ನಿತ್ಯದ ಕೆಲಸ.

ಈ ಕಷ್ಟದ ವರ್ಷಗಳನ್ನು ದಾಟಲು ಕೆಲವರಿಗೆ ಒಂದು ನೆರವೂ ಇದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಕರ್ನಾಟಕ ಸರ್ಕಾರ ತರಬೇತಿ ಅವಧಿಯ ಶಿಷ್ಯವೇತನ ಕೊಡುತ್ತದೆ. ಅದಕ್ಕೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಜಿಲ್ಲಾ ಕಚೇರಿಗಳು ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಿ ಅರ್ಜಿ ಕರೆಯುತ್ತವೆ. ಅರ್ಜಿ ಹಾಕುವವರು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡಿರಬೇಕು. ಸರ್ಕಾರಿ ವಕೀಲರ ಅಥವಾ ಅನುಭವಿ ವಕೀಲರ ಕೈಕೆಳಗೆ ತರಬೇತಿ ಪಡೆಯಬೇಕು. ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಂದುಹೋಗುತ್ತದೆ. ಎಷ್ಟೋ ಜನರ ಕಣ್ಣಿಗೆ ಬೀಳುವಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ. ಕಾನೂನು ಕಾಲೇಜುಗಳು ಕೊನೆಯ ಸೆಮಿಸ್ಟರಿನಲ್ಲೇ ಈ ಅರ್ಜಿಯ ವಿವರವನ್ನು ವಿದ್ಯಾರ್ಥಿಗಳ ಕೈಗಿಡಬಹುದು. ತಾಲ್ಲೂಕು ವಕೀಲರ ಸಂಘಗಳು ಹೊಸದಾಗಿ ಬಂದವರಿಗೆ ಸೀನಿಯರ್ ಆಫೀಸು ತೋರಿಸುವ ದಿನವೇ ಇಲಾಖೆಯ ಬಾಗಿಲನ್ನೂ ತೋರಿಸಬಹುದು.